ಐದು ತಾಸಿನ ಪಾಳಿ, ಹನ್ನೊಂದು ತಾಸಿನ ರಾತ್ರಿ: ಧಾರವಾಡದ ಬಿ.ಕಾಂ. ವಿದ್ಯಾರ್ಥಿಯೊಬ್ಬನ ಪ್ರಕರಣ

ಈ ಪ್ರಕರಣದ ಹುಡುಗ ಧಾರವಾಡದ ಒಂದು ಪದವಿ ಕಾಲೇಜಿನಲ್ಲಿ ಬಿ.ಕಾಂ. ಮೂರನೆಯ ಸೆಮಿಸ್ಟರ್ ಓದುತ್ತಿದ್ದ. ಅವನ ಹೆಸರು, ಊರು, ಕಾಲೇಜು, ಕೆಲಸ ಕೊಟ್ಟವರ ಹೆಸರು ಇಲ್ಲಿಲ್ಲ. ಗುರುತು ಹತ್ತಬಹುದಾದ ಒಂದೆರಡು ಸಂಗತಿಗಳನ್ನು ಬದಲಿಸಿದೆ. ರೊಕ್ಕದ ಮತ್ತು ತಾಸಿನ ಲೆಕ್ಕ ಮಾತ್ರ ಇದ್ದ ಹಾಗೇ ಇದೆ, ಯಾಕಂದರೆ ಈ ಪ್ರಕರಣದ ಗಂಟು ಬಿಚ್ಚಿದ್ದೇ ಆ ಲೆಕ್ಕದಿಂದ. ಮಾರ್ಗದರ್ಶಕ ಶಿಕ್ಷಕರಿಗೆ, ಹಾಸ್ಟೆಲ್ ಮೇಲ್ವಿಚಾರಕರಿಗೆ, ದುಡಿಯುತ್ತ ಓದುವ ಮಕ್ಕಳ ಮನೆಯವರಿಗೆ ಇದು ಉಪಯೋಗವಾಗಲಿ ಎಂದು ವಿವರವಾಗಿ ಬರೆದಿದೆ.

ಮನೆ, ರೂಮು, ಗೋದಾಮು

ಗದಗ ಜಿಲ್ಲೆಯ ಒಂದು ಹಳ್ಳಿ. ಮಳೆಯನ್ನೇ ನಂಬಿದ ಮೂರು ಎಕರೆ ಎರಿ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಇಲ್ಲವೆ ಬಿಳಿಜೋಳ. ಮನೆಗೆ ರೊಕ್ಕ ಬರುವುದು ವರ್ಷಕ್ಕೆ ಎರಡು ಸಲ, ಹೆಸರು ಮಾರಿದಾಗ ಮತ್ತು ಕಡಲೆ ಮಾರಿದಾಗ. ಆದರೆ ರೂಮಿನ ಬಾಡಿಗೆ, ಖಾನಾವಳಿಯ ಬಿಲ್ಲು ಪ್ರತಿ ತಿಂಗಳು ಕೇಳುತ್ತವೆ. ಕೃಷಿ ಕುಟುಂಬದ ಅನೇಕ ಮಕ್ಕಳು ಕೆಲಸ ಹುಡುಕಲು ಹೊರಡುವುದು ಬಡತನಕ್ಕಿಂತ ಹೆಚ್ಚಾಗಿ ಈ ಹೊಂದಾಣಿಕೆ ಆಗದ ತಾರೀಕುಗಳಿಂದ. ಹೊಲ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇತ್ತು. ಈ ಮಾತು ಮುಂದೆ ಮತ್ತೆ ಬರುತ್ತದೆ.

ಹುಡುಗ ಧಾರವಾಡದ ಸಪ್ತಾಪುರದ ಕಡೆ ಮೂವರ ಜೊತೆ ರೂಮು ಮಾಡಿಕೊಂಡಿದ್ದ. ಅವನ ಪಾಲಿನ ಬಾಡಿಗೆ 1,500 ರೂಪಾಯಿ. ಖಾನಾವಳಿಗೆ ಎರಡು ಹೊತ್ತಿನ ಊಟಕ್ಕೆ 2,800. ಮೊಬೈಲ್, ಝೆರಾಕ್ಸ್, ಸೋಪು, ಎಣ್ಣೆ ಎಲ್ಲ ಸೇರಿ 900. ಒಟ್ಟು ತಿಂಗಳಿಗೆ 5,200. ಮನೆಯಿಂದ ಸರಾಸರಿ 2,000 ಬರುತ್ತಿತ್ತು, ಕೆಲವು ತಿಂಗಳು ಅದೂ ಇಲ್ಲ.

ಎರಡನೆಯ ವರ್ಷದ ಮೊದಲಿಗೆ, ಜುಲೈ ಕೊನೆಯಲ್ಲಿ, ರೂಮಿನ ಗೆಳೆಯನೊಬ್ಬ ಹುಬ್ಬಳ್ಳಿಯ ಹೊರವಲಯದ ಪಾರ್ಸಲ್ ಗೋದಾಮಿನ ಕೆಲಸ ತೋರಿಸಿಕೊಟ್ಟ. ಲಾರಿಯಿಂದ ಪಾರ್ಸಲ್ ಇಳಿಸುವುದು, ಬಾರ್‌ಕೋಡ್ ಸ್ಕ್ಯಾನ್ ಮಾಡುವುದು, ಪಿನ್‌ಕೋಡ್ ನೋಡಿ ಬೇರೆ ಬೇರೆ ಚೀಲಕ್ಕೆ ಹಾಕುವುದು. ರಾತ್ರಿ ಎಂಟೂವರೆಯಿಂದ ಒಂದೂವರೆ, ಐದು ತಾಸು, ರಾತ್ರಿಗೆ 350 ರೂಪಾಯಿ. ಗುತ್ತಿಗೆದಾರನ ಮೂಲಕ ನೇಮಕ. ನೇಮಕಾತಿ ಪತ್ರವಿಲ್ಲ, ಸಂಬಳದ ಚೀಟಿ ಇಲ್ಲ. ತಿಂಗಳಿಗೆ 26 ರಾತ್ರಿ, 9,100 ರೂಪಾಯಿ. ಹತ್ತೊಂಬತ್ತು ವರ್ಷದ ಹುಡುಗನಿಗೆ ಅದು ದೊಡ್ಡ ಮೊತ್ತವೇ. "ಹಗಲೆಲ್ಲಾ ಖಾಲಿ ಇರತೇನಿ, ಕಾಲೇಜಿಗೆ ಏನೂ ಆಗಂಗಿಲ್ಲ" ಎಂದು ಅವ್ವನಿಗೆ ಹೇಳಿದ್ದ.

ಕಂಡದ್ದು ಹಾಜರಿ, ಕಾಣದ್ದು ನಿದ್ದೆ

ಸೆಪ್ಟೆಂಬರ್ ನಡುವಿಗೆ ಮೊದಲ ಹಾಜರಿ ಪಟ್ಟಿ ಬಂತು. ಮುಂಜಾನೆ ಒಂಬತ್ತೂವರೆಯ ಮೊದಲ ಪೀರಿಯಡ್‌ನಲ್ಲಿ ಹುಡುಗ ಅರ್ಧಕ್ಕಿಂತ ಹೆಚ್ಚು ದಿನ ಇಲ್ಲ. ಹನ್ನೊಂದರ ಹೊತ್ತಿಗೆ ಬಂದರೂ ಹಿಂದಿನ ಬೆಂಚಿನಲ್ಲಿ ತಲೆ ಊರಿ ಮಲಗುತ್ತಿದ್ದ. ಮೊದಲ ವರ್ಷ ಅಕೌಂಟ್ಸ್‌ನಲ್ಲಿ ಒಳ್ಳೆಯ ಅಂಕ ತೆಗೆದವನು ಇಂಟರ್ನಲ್ ಟೆಸ್ಟ್‌ನಲ್ಲಿ ಜರ್ನಲ್ ಎಂಟ್ರಿಯಲ್ಲೇ ತಪ್ಪಿದ್ದ. ಪ್ರಶ್ನೆ ಕೇಳಿದರೆ ಸಿಟ್ಟು. ಗೆಳೆಯರ ಜೊತೆ ಮಾತು ಕಡಿಮೆ. ಅಂಗಿ ಸಡಿಲಾಗಿ ಕಾಣುತ್ತಿತ್ತು.

ಇವೆಲ್ಲ ಒಟ್ಟಿಗೇ ಕಂಡರೂ ಕಾಲೇಜಿನ ಕಣ್ಣಿಗೆ ಮೊದಲು ಬಿದ್ದದ್ದು ಹಾಜರಿ, ಯಾಕಂದರೆ ಅದು ಮಾತ್ರ ರಿಜಿಸ್ಟರಿನಲ್ಲಿ ಬರೆದಿರುತ್ತದೆ. ಪರೀಕ್ಷೆಗೆ ಕೂರಲು 75 ಪ್ರತಿಶತ ಬೇಕು. ಹಾಗಾಗಿ ಮೊದಲ ಪ್ರಯತ್ನಗಳೆಲ್ಲ ಹಾಜರಿಯನ್ನೇ ಹಿಡಿದು ನಡೆದವು, ಎರಡು ತಿಂಗಳು ವ್ಯರ್ಥವಾಗಿ ಹೋದವು.

ಮೊದಲಿನ ಎರಡು ಪ್ರಯತ್ನ, ಯಾಕೆ ಕೆಟ್ಟವು

ಮೊದಲನೆಯದು ನೇರ ಬುದ್ಧಿಮಾತು: ಕೆಲಸ ಬಿಡು, ಓದು ಮುಖ್ಯ. ಹುಡುಗ ತಲೆಯಾಡಿಸಿ ಹತ್ತು ದಿನ ಬಿಟ್ಟ. ಆ ಹತ್ತು ದಿನ ತರಗತಿಗೂ ಬಂದ. ಹನ್ನೊಂದನೆಯ ದಿನ ಯಾರಿಗೂ ಹೇಳದೆ ಗೋದಾಮಿಗೆ ಮರಳಿದ. ಕಳೆದುಹೋದ ದಿನಗಳ ಕೂಲಿ ತುಂಬಿಕೊಳ್ಳಲು ಭಾನುವಾರ ಮದುವೆ ಹಾಲ್‌ಗಳಲ್ಲಿ ಊಟ ಬಡಿಸುವ ಕ್ಯಾಟರಿಂಗ್ ಕೆಲಸವನ್ನೂ ಹಿಡಿದ. ಬುದ್ಧಿಮಾತಿನ ಫಲವಾಗಿ ಕೆಲಸದ ತಾಸು ಹೆಚ್ಚಾಯಿತು, ಸಾಲದ್ದಕ್ಕೆ ಸುಳ್ಳು ಹೇಳುವ ಭಾರವೂ ಸೇರಿತು. ಬಿಟ್ಟ ಕೂಲಿಯ ಜಾಗಕ್ಕೆ ಏನು ಬರಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಇಲ್ಲಿ ಶಿಕ್ಷಕರ ಒಂದು ಮನೋಭಾವದ ಬಗ್ಗೆಯೂ ಹೇಳಬೇಕು. ವಾರಾನ್ನ ಉಂಡು, ಅಂಗಡಿಯ ಲೆಕ್ಕ ಬರೆದು ಓದಿದವರ ಊರು ಧಾರವಾಡ. ಆ ಹೆಮ್ಮೆ ನ್ಯಾಯವಾದದ್ದೇ. ಆದರೆ "ಹಿಂದಿನವರು ದುಡಿದು ಓದಲಿಲ್ಲೇನು" ಎಂಬ ಮಾತು ಈ ಹುಡುಗನಿಗೆ ಎರಡು ಸಲ ಸಿಕ್ಕಿತ್ತು. ಹಿಂದಿನವರು ಲೆಕ್ಕ ಬರೆದದ್ದು ಸಂಜೆ, ಮಲಗಿದ್ದು ರಾತ್ರಿ. ಆ ಫರಕು ಯಾರ ಲಕ್ಷ್ಯಕ್ಕೂ ಬರಲಿಲ್ಲ.

ಎರಡನೆಯದು ತಂದೆಗೆ ಪತ್ರ. ಹಾಜರಿ ಕೊರತೆ ಇದೆ, ಪರೀಕ್ಷೆಗೆ ಕೂರಿಸಲಾಗುವುದಿಲ್ಲ ಎಂಬ ಅಚ್ಚಾದ ನಮೂನೆ. ಊರಿನಲ್ಲಿ ಆ ಪತ್ರವನ್ನು ಓದಿ ಹೇಳಿದ್ದು ಬೇರೆಯವರು. ತಂದೆ ಆ ಸಂಜೆಯೇ ಫೋನ್ ಮಾಡಿ, "ಸಾಲಿಗೆ ಹೋಗಂಗಿಲ್ಲ ಅಂದ್ರ ಊರಿಗೆ ಬಾ, ಎತ್ತು ಹೊಡಿಯಾಕ ಆಳು ಬೇಕಾಗೇದ" ಎಂದರು. ಹುಡುಗ ಗೋದಾಮಿನ ಮಾತನ್ನು ಎತ್ತಲೇ ಇಲ್ಲ. ದಸರಾಕ್ಕೂ ಊರಿಗೆ ಹೋಗಲಿಲ್ಲ, ದೀಪಾವಳಿಗೂ ಹೋಗಲಿಲ್ಲ. ಪತ್ರ ಕಳಿಸಿದ ಕಾಲೇಜಿನ ಉದ್ದೇಶ ಒಳ್ಳೆಯದಿತ್ತು, ಆದರೆ ಹುಡುಗನಿಗೆ ಇದ್ದ ಒಂದೇ ಆಸರೆಯನ್ನು ಅದು ಅಂಜಿಕೆಯನ್ನಾಗಿ ಮಾಡಿತು. ಮನೆಗೆ ಸುದ್ದಿ ಮುಟ್ಟಿಸುವ ಮೊದಲು ವಿದ್ಯಾರ್ಥಿಯ ಜೊತೆ ಕೂತು, ಯಾರಿಗೆ, ಏನು, ಹೇಗೆ ಹೇಳಬೇಕು ಎಂದು ಗೊತ್ತು ಮಾಡಿಕೊಳ್ಳುವುದು ಎಷ್ಟು ಮುಖ್ಯ ಎಂಬುದು ಇಲ್ಲಿ ತಿಳಿಯಿತು.

ದಸರಾ-ದೀಪಾವಳಿಯ ಆನ್‌ಲೈನ್ ಮಾರಾಟದ ದಿನಗಳಲ್ಲಿ ಪಾರ್ಸಲ್ ರಾಶಿ ಬಿದ್ದಿತು. ಐದು ತಾಸು ಏಳಾಯಿತು, ವಾರದ ರಜೆ ಹೋಯಿತು, ಒಂದು ರಾತ್ರಿ ತಪ್ಪಿದರೆ ತಿಂಗಳ ಹಾಜರಿ ಬೋನಸ್ ಇಲ್ಲ ಎಂದರು. ಹನ್ನೆರಡು ರಾತ್ರಿ ಒಂದರ ಹಿಂದೆ ಒಂದು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೆ ಅನ್ವಯಿಸುವ ಕರ್ನಾಟಕದ 1961ರ ಕಾಯ್ದೆಯ ಪ್ರಕಾರ ವಾರಕ್ಕೊಂದು ರಜೆ ಕೊಡಲೇಬೇಕು, ದಿನಕ್ಕೆ 9 ತಾಸು, ವಾರಕ್ಕೆ 48 ತಾಸು ಮೀರಿದ ದುಡಿಮೆಗೆ ದುಪ್ಪಟ್ಟು ಕೂಲಿ. ಈ ಹುಡುಗನ ಏಳು ತಾಸು ದಿನದ ಮಿತಿಯ ಒಳಗೇ ಇದ್ದರೂ ರಜೆಯಿಲ್ಲದ ವಾರಕ್ಕೆ 49 ತಾಸಾಗಿ ವಾರದ ಮಿತಿ ಮೀರುತ್ತಿತ್ತು. ವಾರದ ರಜೆ ಅವನ ಹಕ್ಕಾಗಿತ್ತು, ಹೆಚ್ಚಿನ ಎರಡು ತಾಸಿನ ಕೂಲಿ ಕೇಳುವುದೂ ನ್ಯಾಯವಾಗಿತ್ತು. ಅವನಿಗಾಗಲಿ ಜೊತೆಗಾರರಿಗಾಗಲಿ ಇದು ಗೊತ್ತಿರಲಿಲ್ಲ.

ಅರ್ಧ ತಾಸಿನ ಚೌಕಗಳು

ನವೆಂಬರ್ ಮೊದಲ ವಾರ ಹುಡುಗ ತರಗತಿಯ ಮೆಟ್ಟಿಲ ಮೇಲೆ ಕಣ್ಣಿಗೆ ಕತ್ತಲೆ ಬಂದು ಕುಸಿದ. ಹೊಸದಾಗಿ ಮಾರ್ಗದರ್ಶಕರಾಗಿ ಬಂದಿದ್ದ ಶಿಕ್ಷಕಿ ಅವನನ್ನು ಕರೆದು ಹಾಜರಿಯ ಮಾತು ಎತ್ತಲಿಲ್ಲ. "ನಿನ್ನೆ ರಾತ್ರಿ ಎಲ್ಲಿ ಮಲಗಿದ್ದಿ?" ಎಂದು ಕೇಳಿದರು.

"ಗೋದಾಮಿನ್ಯಾಗ್ರಿ ಮೇಡಂ, ಚೀಲದ ಮ್ಯಾಲ. ಮುಂಜಾನಿ ಬಸ್ ಬರೂತನಾ."

ಪ್ರಕರಣ ತಿರುಗಿದ್ದು ಈ ಉತ್ತರದಿಂದ. ಪಾಳಿ ಒಂದೂವರೆಗೆ ಮುಗಿಯುತ್ತಿತ್ತು. ಆ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸು ಇರುವುದಿಲ್ಲ, ಆಟೋಕ್ಕೆ ಕೊಟ್ಟರೆ ಆ ರಾತ್ರಿಯ ಕೂಲಿಯೇ ಹೋಗುತ್ತದೆ. ಹಾಗಾಗಿ ಬೆಳಗಿನ ಮೊದಲ ಬಸ್ಸಿನವರೆಗೆ ಅಲ್ಲೇ. ಸಂಜೆ ಏಳೂವರೆಗೆ ರೂಮು ಬಿಟ್ಟವನು ಬೆಳಗ್ಗೆ ಆರೂವರೆಗೆ ಮರಳುತ್ತಿದ್ದ.

ಶಿಕ್ಷಕಿ ಒಂದು ಹಾಳೆ ಕೊಟ್ಟರು. ಅಡ್ಡಕ್ಕೆ ಹತ್ತು ದಿನ, ಉದ್ದಕ್ಕೆ ಅರ್ಧ ತಾಸಿನ 48 ಚೌಕ. ನಿದ್ದೆಗೆ ಕಪ್ಪು ಗೆರೆ, ಕೆಲಸ ಮತ್ತು ಅದರ ಓಡಾಟ, ಕಾಯುವಿಕೆಗೆ ಕೆಂಪು, ಓದಿಗೆ ನೀಲಿ. ಉಂಡಾಗ ಒಂದು ಚುಕ್ಕೆ, ಚಹಾ ಕುಡಿದಾಗ 'ಚ' ಅಕ್ಷರ. ನೆನಪಿನಿಂದ ವಾರದ ಕೊನೆಗೆ ತುಂಬುವುದಲ್ಲ, ದಿನಕ್ಕೆ ಮೂರು ಸಲ, ಆಗಿಂದಾಗ ತುಂಬಬೇಕು. ಒಟ್ಟಿಗೆ ತುಂಬಿದರೆ ಅನೇಕರು ನಿದ್ದೆಯನ್ನು ಹೆಚ್ಚು ಬರೆಯುತ್ತಾರೆ.

ಹತ್ತು ದಿನದ ಹಾಳೆಯಲ್ಲಿ ಕಂಡದ್ದು ಇಷ್ಟು. ನಿದ್ದೆ ಸರಾಸರಿ 4 ತಾಸು 50 ನಿಮಿಷ, ಅದೂ ಮೂರು ತುಂಡಿನಲ್ಲಿ: ಗೋದಾಮಿನಲ್ಲಿ ಎರಡು ತಾಸು, ಬೆಳಗ್ಗೆ ರೂಮಿನಲ್ಲಿ ಒಂದೂವರೆ, ಮಧ್ಯಾಹ್ನ ಒಂದು ತಾಸು ಇಪ್ಪತ್ತು ನಿಮಿಷ. ಈ ವಯಸ್ಸಿಗೆ ಬೇಕಾದದ್ದು ಏಳರಿಂದ ಒಂಬತ್ತು ತಾಸು. ಅದೂ ಒಂದೇ ಬೀಸಿಗೆ ಬೇಕು, ಯಾಕಂದರೆ ಹಗಲು ಓದಿದ್ದು ನೆನಪಿನಲ್ಲಿ ನೆಲೆಯೂರುವುದು ನಿದ್ದೆಯಲ್ಲಿ. ತುಂಡು ನಿದ್ದೆ ಆ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಿಕೊಡುವುದಿಲ್ಲ. ಬೆಳಕು ಹರಿದ ಮೇಲೆ ಮೈ ತಾನಾಗಿ ಎಚ್ಚರದ ಕಡೆ ತಿರುಗುವುದರಿಂದ ಹಗಲ ನಿದ್ದೆ ಉದ್ದವೂ ಆಗುವುದಿಲ್ಲ, ಆಳವೂ ಆಗುವುದಿಲ್ಲ. ತರಗತಿ ಬಿಟ್ಟು ಓದಿದ್ದು ದಿನಕ್ಕೆ 35 ನಿಮಿಷ. ಚಹಾ ಏಳು ಸಲ, ಕೊನೆಯದು ರಾತ್ರಿ ಒಂದೂವರೆಗೆ. ಚಹಾದ ಕೆಫೀನು ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ತಾಸು ಬೇಕು. ಚೀಲದ ಮೇಲಿನ ಎರಡು ತಾಸೂ ಕೆಟ್ಟದ್ದು ಇದರಿಂದಲೇ.

ಚುಕ್ಕೆಗಳಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ದಿನಕ್ಕೆ ಒಂದೇ ಚುಕ್ಕೆ, ಮಧ್ಯಾಹ್ನ ಎರಡೂವರೆಯದು. ಖಾನಾವಳಿಯಲ್ಲಿ ರಾತ್ರಿ ಊಟ ಎಂಟಕ್ಕೆ ಶುರು, ಇವನು ಹೊರಡುವುದು ಏಳೂವರೆಗೆ. ಎರಡು ಹೊತ್ತಿಗೆ ರೊಕ್ಕ ಕೊಟ್ಟು ಮೂರು ತಿಂಗಳು ಒಂದೇ ಹೊತ್ತು ಉಂಡಿದ್ದ. ರಾತ್ರಿಗೆ ಬನ್ನು, ಚಹಾ. ನಿದ್ದೆ ತಡೆಯಲು ಪಾನ್ ಮಸಾಲ ಮತ್ತು ತಂಬಾಕಿನ ಎರಡು ಪಾಕೀಟು ಕೂಡಿಸಿ ಹಾಕಿಕೊಳ್ಳುವುದನ್ನು ಜೊತೆಗಾರರಿಂದ ಕಲಿತಿದ್ದ. ಖಾನಾವಳಿಯ ಅಕ್ಕನನ್ನು ಕೇಳಿದಾಗ, "ಮೊದಲ ಹೇಳಿದ್ರ ಏಳಕ್ಕ ಎರಡು ರೊಟ್ಟಿ ಪಲ್ಯ ಕಟ್ಟಿ ಕೊಡತಿದ್ದಿಲ್ಲೇನೋ ತಮ್ಮಾ" ಎಂದರು. ಬುತ್ತಿ ಮರುದಿನದಿಂದಲೇ ಶುರುವಾಯಿತು. ಇಡೀ ಪ್ರಕರಣದಲ್ಲಿ ಅತಿ ಸುಲಭವಾದ ಪರಿಹಾರ ಇದು, ಜುಲೈನಿಂದಲೂ ಕೈಯಳತೆಯಲ್ಲಿತ್ತು.

ಇನ್ನು ಕೂಲಿ. 9,100ರಲ್ಲಿ ಬಸ್ಸಿಗೆ ದಿನಕ್ಕೆ 60ರಂತೆ 1,560, ರಾತ್ರಿಯ ಚಹಾ ತಿನಿಸಿಗೆ 30ರಂತೆ 780 ಹೋಯಿತು. ಉಳಿದದ್ದು 6,760. ಮನೆ ಬಿಟ್ಟು ಮನೆ ಸೇರುವ 11 ತಾಸನ್ನು 26 ರಾತ್ರಿಗೆ ಗುಣಿಸಿದರೆ 286 ತಾಸು. ತಾಸಿಗೆ 70 ರೂಪಾಯಿಯ ಕೆಲಸ ಎಂದು ಅವನು ತಿಳಿದಿದ್ದು, ನಿಜವಾಗಿ ತಾಸಿಗೆ 24 ರೂಪಾಯಿಗೂ ಕಡಿಮೆಯದಾಗಿತ್ತು. ಕಾಮರ್ಸ್ ಹುಡುಗ, ತಾನೇ ಪೆನ್ನು ಹಿಡಿದು ಲೆಕ್ಕ ಮಾಡಿದ, ಎರಡು ಸಲ ತಾಳೆ ನೋಡಿದ. ಆಮೇಲೆ ಹಾಳೆಯ ಕೆಂಪು ಭಾಗವನ್ನು ಬಹಳ ಹೊತ್ತು ನೋಡುತ್ತ ಕೂತ. ಯಾರೂ ಅವನಿಗೆ ಕೆಲಸ ಬಿಡು ಎಂದು ಹೇಳುವ ಪ್ರಮೇಯ ಮತ್ತೆ ಬರಲಿಲ್ಲ.

ಕೇಳಲೇಬೇಕಾದ ಪ್ರಶ್ನೆ

ಅದೇ ವಾರದ ಒಂದು ಮಾತುಕತೆಯಲ್ಲಿ ಹುಡುಗ "ಬ್ಯಾಸರಾಗೇದ್ರಿ" ಎಂದ. ಶಿಕ್ಷಕಿ ಮಾತು ಅಲ್ಲಿಗೇ ಬಿಡಲಿಲ್ಲ. ಸಾಯಬೇಕು ಅನ್ನುವ ವಿಚಾರ ಬರುತ್ತದೆಯೇ ಎಂದು ನೇರವಾಗಿ ಕೇಳಿದರು. ಹಾಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಗುತ್ತದೆ ಎಂಬ ಅಂಜಿಕೆ ಅನೇಕ ಶಿಕ್ಷಕರಲ್ಲಿದೆ. ಅದು ತಪ್ಪು ತಿಳಿವಳಿಕೆ. ಕೇಳಿದರೆ ಹೇಳಿಕೊಳ್ಳಲು ದಾರಿ ಆಗುತ್ತದೆ. "ಹಂಗೇನಿಲ್ರಿ. ಆದ್ರ ಮಲಗಿದ್ರ ಮತ್ತ ಏಳಬಾರದು ಅನ್ನಸ್ತದ" ಎಂದ.

ಈ ಮಾತನ್ನು ದಣಿವಿನ ಮಾತು ಎಂದು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಮರುದಿನವೇ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ಹೊರರೋಗಿ ವಿಭಾಗಕ್ಕೆ ಗೆಳೆಯನ ಜೊತೆ ಕಳಿಸಲಾಯಿತು. 1845ರಷ್ಟು ಹಳೆಯ ಆಸ್ಪತ್ರೆ ಅದು. ಊರವರ ಬಾಯಲ್ಲಿ ಇನ್ನೂ 'ಹುಚ್ಚರ ದವಾಖಾನಿ' ಎಂದೇ ಇರುವುದರಿಂದ ಹುಡುಗ ಮೊದಲು ಹಿಂಜರಿದ. ನಿದ್ದೆಯ ತೊಂದರೆಗೂ ಅಲ್ಲೇ ತೋರಿಸುವುದು ಎಂದು ಬಿಡಿಸಿ ಹೇಳಿದ ಮೇಲೆ ಒಪ್ಪಿದ. 24 ತಾಸೂ ಕನ್ನಡದಲ್ಲಿ ಮಾತಾಡಲು ಸಿಗುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಸಂಖ್ಯೆ 14416 ಅವನ ಮೊಬೈಲಿಗೂ ರೂಮಿನ ಇಬ್ಬರು ಗೆಳೆಯರ ಮೊಬೈಲಿಗೂ ಸೇರಿತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 11.2 ಬಂತು, ಗಂಡಸರಿಗೆ 13 ಇರಬೇಕು. ಕಬ್ಬಿಣದ ಗುಳಿಗೆ ಕೊಟ್ಟ ವೈದ್ಯರು, ಊಟದ ಹಿಂದೆಯೇ ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ ಎಂದು ಎಚ್ಚರಿಸಿದರು. ಏಳು ಸಲದ ಚಹಾದ ಇನ್ನೊಂದು ಬೆಲೆ ಅದು.

ಕಂತು

ಲೆಕ್ಕದಲ್ಲಿ ಒಂದು ತೂತು ಉಳಿದಿತ್ತು. ಖರ್ಚು 5,200, ಮನೆಯಿಂದ 2,000, ಹಾಗಾದರೆ ಬೇಕಾದದ್ದು 3,200. ಕೈಗೆ ಬರುತ್ತಿದ್ದದ್ದು 6,760. ಉಳಿದ ಮೂರೂವರೆ ಸಾವಿರ ಎಲ್ಲಿ? ಹುಡುಗ ಎರಡು ಸಲ ಮಾತು ತೇಲಿಸಿದ. ಮೂರನೆಯ ಸಲ ಹೇಳಿದ.

"ನಮ್ಮವ್ವ ನನ್ನ ಅಡ್ಮಿಶನ್ ಸಲುವಾಗಿ ಸಂಘದಾಗ ಸಾಲ ತಗದಾಳ್ರಿ. ವಾರಕ್ಕ ಆರುನೂರರ ಮ್ಯಾಲ ಕಂತು. ತಪ್ಪಿದ್ರ ನಾಲ್ಕು ಮಂದಿ ಹೆಣ್ಮಕ್ಕಳ ಮುಂದ ಅಕಿ ತಲಿ ತಗ್ಗಸಬೇಕಾಗ್ತದ. ಅಪ್ಪಗ ನಾ ಕಟ್ಟೂದು ಗೊತ್ತಿಲ್ಲ."

ತಿಂಗಳಿಗೆ 2,600. ಸೆಪ್ಟೆಂಬರಿನಲ್ಲಿ ಕೆಲಸ ಬಿಟ್ಟವನು ಹನ್ನೊಂದನೆಯ ದಿನಕ್ಕೆ ಮರಳಿದ್ದು ಯಾಕೆ ಎಂಬುದು ಈಗ ಗೊತ್ತಾಯಿತು. ಎರಡನೆಯ ಕಂತಿನ ದಿನ ಬಂದಿತ್ತು.

ವಿಚಿತ್ರವೆಂದರೆ, ಅಪ್ಪ 2,000 ಮಗನಿಗೆ ಕಳಿಸುತ್ತಿದ್ದರು, ಮಗ 2,600 ಅವ್ವನಿಗೆ ಕಳಿಸುತ್ತಿದ್ದ. ರೊಕ್ಕ ಧಾರವಾಡಕ್ಕೆ ಬಂದು ಅದೇ ಮನೆಗೆ ಹೋಗುತ್ತಿತ್ತು. ಗೌರಿ ಹುಣ್ಣಿಮೆಗೆ ಹುಡುಗ ನಾಲ್ಕು ತಿಂಗಳ ಮೇಲೆ ಮೊದಲ ಸಲ ಊರಿಗೆ ಹೋದ. ತಂಗಿಯ ಸಕ್ಕರೆ ಆರತಿ ಮುಗಿದ ಮೇಲೆ ಅವ್ವನ ಎದುರಿಗೇ ಅಪ್ಪನಿಗೆ ಎಲ್ಲ ಹೇಳಿದ, ಅರ್ಧ ತಾಸಿನ ಚೌಕದ ಹಾಳೆಯನ್ನೂ ಬಿಚ್ಚಿ ತೋರಿಸಿದ. ಅಕ್ಷರ ಓದಲು ಬಾರದ ತಂದೆಗೆ ಬಣ್ಣ ಓದಲು ಬಂತು. "ಕರೇದು ಇಷ್ಟ ಏನು? ಇಷ್ಟ ಮಲಗತಿಯಾ?" ಎಂದು ಬೆರಳಿಟ್ಟು ಕೇಳಿದರಂತೆ. ಇನ್ನು ಮುಂದೆ ಅಪ್ಪನ 2,000 ನೇರ ಕಂತಿಗೆ ಹೋಗುವುದು, ಮಗ ಕೂಡಿಸಬೇಕಾದದ್ದು 600 ಮಾತ್ರ ಎಂದು ಮನೆಯಲ್ಲೇ ತೀರ್ಮಾನವಾಯಿತು. ಕೂಡಿಸಿ ಕಳೆದರೆ ಮೊತ್ತ ಅಷ್ಟೇ. ಆದರೆ ಅವ್ವನ ಮಾನ ತನ್ನೊಬ್ಬನ ಮೇಲೆ ನಿಂತಿದೆ ಎಂಬ ಭಾರ ಇಳಿಯಿತು, ಮತ್ತು ಆ ಭಾರಕ್ಕೆ ಯಾವ ಹಾಳೆಯಲ್ಲೂ ಚೌಕ ಇರಲಿಲ್ಲ.

ಬದಲಿ ಕೆಲಸ

ಕೆಲಸವೇ ಬೇಡ ಎನ್ನುವ ಸ್ಥಿತಿ ಇರಲಿಲ್ಲ. ಹಾಗಾಗಿ ಯಾವ ಕೆಲಸ ಎಂಬುದು ಮುಂದಿನ ಪ್ರಶ್ನೆ. ಬೆಳಗಿನ ಪೇಪರ್ ಹಾಕುವ ಕೆಲಸ ಸಿಗುವಂತಿತ್ತು, ನಾಲ್ಕೂವರೆಗೆ ಏಳಬೇಕಾದ್ದರಿಂದ ಬಿಟ್ಟರು. ನಿದ್ದೆಯ ತುದಿ ಕತ್ತರಿಸುವುದೂ ಬುಡ ಕತ್ತರಿಸುವುದೂ ಒಂದೇ. ಊಟ ತಲುಪಿಸುವ ಕೆಲಸದಲ್ಲಿ ಬೈಕು, ಪೆಟ್ರೋಲ್ ಇವನದೇ, ಮೇಲಾಗಿ ಗಿರಾಕಿ ಹೆಚ್ಚಿರುವುದು ರಾತ್ರಿ ಹನ್ನೊಂದರವರೆಗೆ. ಕೊನೆಗೆ ಒಪ್ಪಿದ್ದು ಧಾರವಾಡದ್ದೇ ಒಂದು ಹಾರ್ಡ್‌ವೇರ್ ಸಗಟು ಅಂಗಡಿಯ ಬಿಲ್ಲು ಎಂಟ್ರಿ. ಸಂಜೆ ಐದರಿಂದ ಎಂಟೂವರೆ, ಸೋಮವಾರದಿಂದ ಶನಿವಾರ, ರೂಮಿನಿಂದ ಇಪ್ಪತ್ತು ನಿಮಿಷದ ನಡಿಗೆ, 4,500 ರೂಪಾಯಿ. ಹೋಗಿ ಬರುವುದೂ ಸೇರಿ ತಿಂಗಳಿಗೆ 108 ತಾಸು, ತಾಸಿಗೆ 41 ರೂಪಾಯಿಯ ಮೇಲೆ. ಕೂಲಿ ಅರ್ಧ ಕಡಿಮೆಯಾದಂತೆ ಕಂಡರೂ ತಾಸಿನ ಬೆಲೆ ಹೆಚ್ಚಾಗಿತ್ತು.

ಸೇರುವ ದಿನವೇ ಮಾಲೀಕರ ಜೊತೆ ಮೂರು ಮಾತು ಆಡಿ ಒಂದು ಚೀಟಿಯಲ್ಲಿ ಬರೆದುಕೊಂಡರು: ಸಂಬಳ 5ನೇ ತಾರೀಕಿಗೆ, ಇಂಟರ್ನಲ್ ಟೆಸ್ಟಿಗೆ ನಾಲ್ಕು ದಿನ ಮತ್ತು ಸೆಮಿಸ್ಟರ್ ಪರೀಕ್ಷೆಗೆ ಹನ್ನೆರಡು ದಿನ ಸಂಬಳವಿಲ್ಲದ ರಜೆ, ಆ ದಿನಗಳ ಬದಲಿಗೆ ಮುಂಚೆ ಒಂದು ವಾರ ಭಾನುವಾರ ಬಂದು ಬಾಕಿ ಎಂಟ್ರಿ ಮುಗಿಸುವುದು. ಅಂಗಡಿಯ ಕೆಲಸಕ್ಕೂ ಒಂದು ಲಯವಿದೆ. ತಿಂಗಳ ಮಾರಾಟದ ಜಿಎಸ್‌ಟಿ ವಿವರಪಟ್ಟಿ ಜಿಎಸ್‌ಟಿಆರ್-1 ಮರುತಿಂಗಳ 11ಕ್ಕೆ, ತೆರಿಗೆ ಕಟ್ಟುವ ಲೆಕ್ಕದ 3ಬಿ 20ಕ್ಕೆ ಸಲ್ಲಬೇಕು. ನಡುವೆ 14ಕ್ಕೆ ಖರೀದಿಯ ತೆರಿಗೆ ಪಟ್ಟಿ 2ಬಿ ಬಂದಾಗ ಖರೀದಿ ಬಿಲ್ಲು ತಾಳೆ ನೋಡಬೇಕು. 8ರಿಂದ 11, 18ರಿಂದ 20, ಈ ದಿನಗಳಲ್ಲಿ ಓದು ಆಗುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡು ಓದಿನ ವೇಳಾಪಟ್ಟಿ ಮಾಡಲಾಯಿತು. ಮೊದಲ ತಿಂಗಳು ತಪ್ಪುಗಳೂ ಆದವು. ಮಹಾರಾಷ್ಟ್ರದಿಂದ ಬಂದ ಬಿಲ್ಲುಗಳಿಗೆ ಹೊರರಾಜ್ಯದ ವ್ಯವಹಾರದ ಐಜಿಎಸ್‌ಟಿ ಬದಲು ರಾಜ್ಯದೊಳಗಿನ ಸಿಜಿಎಸ್‌ಟಿ-ಎಸ್‌ಜಿಎಸ್‌ಟಿ ಹಾಕಿಬಿಟ್ಟಿದ್ದ, ತಾಳೆ ನೋಡುವಾಗ ಸಿಕ್ಕಿಬಿತ್ತು. ಮಾಲೀಕರು ಬೈದರು, ಅಂಗಡಿಯ ಅಕೌಂಟೆಂಟ್ ಕೂರಿಸಿಕೊಂಡು ತಿದ್ದಿಸಿದರು.

ಗೋದಾಮು ಬಿಡುವಾಗ 12 ರಾತ್ರಿಯ 4,200 ರೂಪಾಯಿ ಗುತ್ತಿಗೆದಾರನ ಹತ್ತಿರ ಬಾಕಿ ಇತ್ತು. ದಿನವೂ ಹಾಜರಿ ಪುಸ್ತಕದ ಫೋಟೊ ತೆಗೆದಿಟ್ಟಿದ್ದರಿಂದ ಕೇಳಲು ಧೈರ್ಯ ಬಂತು. ಮೂರು ವಾರ ಓಡಾಡಿಸಿ, ಎರಡು ರಾತ್ರಿ ಮುರಿದುಕೊಂಡು 3,500 ಕೊಟ್ಟ. ಹೊಸ ಸಂಬಳ ಕೈಗೆ ಬರುವವರೆಗೆ ಅದೇ ಆಸರೆಯಾಯಿತು.

ಮಂಜೂರಾಗಿ ಬಾರದ ರೊಕ್ಕ

ಹೊಸ ಲೆಕ್ಕದಲ್ಲೂ ತಿಂಗಳಿಗೆ 1,300 ಕಡಿಮೆ ಬೀಳುತ್ತಿತ್ತು: ಖರ್ಚು ಮತ್ತು 600 ಸೇರಿ 5,800, ಬರುವುದು 4,500. ಮೊದಲ ವರ್ಷ ವಿದ್ಯಾಸಿರಿಗೆ ಅರ್ಜಿ ಹಾಕಿದ್ದೆ, ಬರಲಿಲ್ಲ ಎಂದು ಹುಡುಗ ಹೇಳಿದ್ದ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಆಗ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುತ್ತಿದ್ದ ನೆರವು ಅದು. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನೋಡಿದರೆ ಅರ್ಜಿ ತಿರಸ್ಕಾರವಾಗಿರಲಿಲ್ಲ, ಮಂಜೂರಾಗಿತ್ತು. ರೊಕ್ಕ ಮಾತ್ರ ಖಾತೆಗೆ ಬಿದ್ದಿರಲಿಲ್ಲ. ಅವನ ಆಧಾರ್ ಜೋಡಣೆಯಾಗಿದ್ದು ಸಾಲೆಯಲ್ಲಿದ್ದಾಗ ಊರಿನಲ್ಲಿ ತೆರೆದು ನಂತರ ನಿಂತುಹೋದ ಹಳೆಯ ಖಾತೆಗೆ. ಸರ್ಕಾರದ ನೇರ ಪಾವತಿ ಹೋಗುವುದು ಆಧಾರ್ ಮ್ಯಾಪ್ ಆದ, ಅಂದರೆ ಪಾವತಿ ಜಾಲದಲ್ಲಿ ಆಧಾರ್ ಸಂಖ್ಯೆಗೆ ಗೊತ್ತುಮಾಡಿದ ಖಾತೆಗೆ, ವಿದ್ಯಾರ್ಥಿ ಈಗ ಬಳಸುತ್ತಿರುವ ಖಾತೆಗೆ ಅಲ್ಲ. ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿದರೆ ಎರಡು ನಿಮಿಷದಲ್ಲಿ ಇದು ತಿಳಿಯುತ್ತದೆ. ಈಗಿನ ಬ್ಯಾಂಕಿನ ಶಾಖೆಯಲ್ಲಿ ಆಧಾರ್ ಸೀಡಿಂಗ್ ಫಾರ್ಮ್ ಕೊಟ್ಟು, 'ಸಕ್ರಿಯ' ಎಂದು ಬರುವವರೆಗೆ ಬಿಡದೆ ನೋಡಬೇಕು. ಖಾತೆಗೆ ಆಧಾರ್ ಲಿಂಕ್ ಆಗಿದೆ ಎಂದು ಕೌಂಟರಿನಲ್ಲಿ ಹೇಳಿದ್ದಷ್ಟೇ ಸಾಲದು, ಲಿಂಕ್ ಬೇರೆ, ಮ್ಯಾಪಿಂಗ್ ಬೇರೆ.

ಏಳು ವಾರದ ಮೇಲೆ 15,000 ಬಂತು. ಅಲ್ಲಿಯವರೆಗಿನ ಎರಡು ತಿಂಗಳ ಕೊರತೆ 2,600ನ್ನು ಮೂರು ಭಾನುವಾರದ ಹಗಲಿನ ಮದುವೆ ಊಟ ಬಡಿಸಿ 1,500, ಖಾನಾವಳಿಯ ಉದ್ರಿ 1,100, ಹೀಗೆ ನೀಗಿಸಿದ್ದ. ಬಂದ ರೊಕ್ಕದಲ್ಲಿ ಉದ್ರಿ ತೀರಿಸಿ, ಪರೀಕ್ಷಾ ಶುಲ್ಕ ಮತ್ತು ಪುಸ್ತಕಕ್ಕೆ 2,500 ತೆಗೆದು, ಎಂಟು ತಿಂಗಳ ಕೊರತೆಗೆ 10,400, ಆಪತ್ತಿಗೆ 1,000 ಎಂದು ಬೇರೆ ಖಾತೆಯಲ್ಲಿ ಇಟ್ಟ. ಒಮ್ಮೆಲೇ ಬಂದ ಮೊತ್ತ ಒಮ್ಮೆಲೇ ಹೋಗಿಬಿಡುವುದೇ ಹೆಚ್ಚು. ಅದನ್ನು ತಿಂಗಳಿಗೆ ಮುರಿದಿಟ್ಟದ್ದು ಸರಿಯಾದ ತೀರ್ಮಾನ.

ಆದದ್ದು

ಹಾಳೆ ತುಂಬಲು ಶುರು ಮಾಡಿದ ದಿನ ಹಾಜರಿ 180ಕ್ಕೆ 104 ಇತ್ತು, 58 ಪ್ರತಿಶತ. ಸೆಮಿಸ್ಟರ್ ಮುಗಿಯುವಾಗ ಒಟ್ಟು 330 ಪೀರಿಯಡ್, ಅದರ 75 ಪ್ರತಿಶತ ಎಂದರೆ 248. ಉಳಿದ 150ರಲ್ಲಿ 144 ಬರಲೇಬೇಕು, ತಪ್ಪಿಸಲು ಇದ್ದದ್ದು ಆರು. ಹತ್ತು ದಿನದ ಲೆಕ್ಕ ಮುಗಿಯುವಷ್ಟರಲ್ಲಿ ನಾಲ್ಕು ಖರ್ಚಾಗಿದ್ದವು. ಸೆಪ್ಟೆಂಬರಿನಲ್ಲೇ ಈ ಹಾಳೆ ಕೊಟ್ಟಿದ್ದರೆ ಇಷ್ಟು ಬಿಗಿ ಆಗುತ್ತಿರಲಿಲ್ಲ. ಕೊನೆಗೆ ಇನ್ನೊಂದು ಮಾತ್ರ ತಪ್ಪಿ 249ಕ್ಕೆ ನಿಂತಿತು, ಪರೀಕ್ಷೆಗೆ ಕೂತ.

ನಿದ್ದೆ ಹಾಜರಿಯಷ್ಟು ಬೇಗ ಸರಿಹೋಗಲಿಲ್ಲ. ರಾತ್ರಿ ಪಾಳಿ ಬಿಟ್ಟ ಮೊದಲ ಹತ್ತು ದಿನ ಹತ್ತೂಮುಕ್ಕಾಲಿಗೆ ಮಲಗಿದರೂ ಎರಡರವರೆಗೆ ಕಣ್ಣು ಹತ್ತುತ್ತಿರಲಿಲ್ಲ. ಕೆಲಸ ಬಿಟ್ಟರೂ ಉಪಯೋಗ ಆಗಲಿಲ್ಲ ಎಂದು ಕಂಗಾಲಾಗಿದ್ದ. ಮೈಯ ಗಡಿಯಾರ ಒಂದೇ ದಿನಕ್ಕೆ ತಿರುಗುವುದಿಲ್ಲ, ದಿನಕ್ಕೆ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಏಳುವ ವೇಳೆ ಮಾತ್ರ ಆರು ಗಂಟೆಗೇ ಗಟ್ಟಿ, ಎದ್ದ ಕೂಡಲೇ ಅರ್ಧ ತಾಸು ಬೆಳಕಿನಲ್ಲಿ ನಡಿಗೆ, ನಾಲ್ಕರ ಮೇಲೆ ಚಹಾ ಇಲ್ಲ, ಮಧ್ಯಾಹ್ನ ಮಲಗಿದರೆ ಅರ್ಧ ತಾಸಿಗಿಂತ ಹೆಚ್ಚಿಲ್ಲ. ಮೂರನೆಯ ವಾರಕ್ಕೆ ಹಾಳೆಯಲ್ಲಿ ಕಪ್ಪು ಗೆರೆ ಒಂದೇ ಉದ್ದದ ತುಂಡಾಗಿ ಬಂತು, 6 ತಾಸು 50 ನಿಮಿಷ. 'ಏಳಬಾರದು' ಎಂಬ ವಿಚಾರ ಆಮೇಲೆ ಬಂದಿಲ್ಲ ಎಂದು ಆಸ್ಪತ್ರೆಯ ಎರಡನೆಯ ಭೇಟಿಯಲ್ಲಿ ಹೇಳಿದ. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 12.9ಕ್ಕೆ ಬಂತು. ತಂಬಾಕು ಎರಡು ಸಲ ಬಿಟ್ಟು ಎರಡು ಸಲ ಹಿಡಿದ. ಪರೀಕ್ಷೆಯ ಹೊತ್ತಿಗೆ ದಿನಕ್ಕೊಂದಕ್ಕೆ ಇಳಿದಿತ್ತು, ಪೂರ್ತಿ ಬಿಟ್ಟಿರಲಿಲ್ಲ.

ಆರು ವಿಷಯಗಳಲ್ಲಿ ಐದು ಪಾಸಾದವು. ಕಾಸ್ಟ್ ಅಕೌಂಟಿಂಗ್ ಉಳಿಯಿತು. ಅದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅವನು ತಪ್ಪಿಸಿದ ಮೊದಲ ಪೀರಿಯಡ್‌ನ ವಿಷಯ. ಗೋದಾಮಿನ ಬಸ್ಸು ತಡವಾದ ಮುಂಜಾನೆಗಳಲ್ಲಿ ಹೋದ ಪ್ರಾಸೆಸ್ ಕಾಸ್ಟಿಂಗ್ ಪಾಠವನ್ನು ಯಾವ ಪರಿಹಾರವೂ ಮರಳಿ ಕೊಡಲಿಲ್ಲ. ಈಗ ಅಂಗಡಿಯ ಅಕೌಂಟೆಂಟರೇ ಭಾನುವಾರ ಒಂದು ತಾಸು ಅದನ್ನು ಹೇಳಿಕೊಡುತ್ತಿದ್ದಾರೆ.

ಕಾಲೇಜು ಆ ಅಚ್ಚಾದ ಪತ್ರದ ನಮೂನೆಯನ್ನು ಕೈಬಿಟ್ಟಿದೆ. ಮೊದಲ ಹಾಜರಿ ಪಟ್ಟಿಯಲ್ಲಿ ಕೊರತೆ ಕಂಡವರಿಗೆ ಈಗ ಮೊದಲು ಕೊಡುವುದು 48 ಚೌಕದ ಹಾಳೆ, ಅದರ ಕೆಳಗೆ ಎರಡು ಸಾಲು: ರಾತ್ರಿ ಎಲ್ಲಿ ಮಲಗುತ್ತೀರಿ, ಕೊನೆಯ ವಿದ್ಯಾರ್ಥಿವೇತನ ಖಾತೆಗೆ ಬಂದದ್ದು ಯಾವಾಗ.

ಇನ್ನೊಂದು ಕೆಲಸ ನಡೆದಿದೆ. ರೈತರ ಮಕ್ಕಳ ವಿದ್ಯಾರ್ಥಿವೇತನವಾದ ರೈತ ವಿದ್ಯಾನಿಧಿಯಲ್ಲಿ ಪದವಿ ಓದುವ ಹುಡುಗರಿಗೆ 2021ರಲ್ಲಿ ಗೊತ್ತುಮಾಡಿದ್ದು ವರ್ಷಕ್ಕೆ 5,000, ಆದರೆ ಅದಕ್ಕೆ ತಂದೆಯ ಹೆಸರಿನಲ್ಲಿ ರೈತರ ಗುರುತಿನ ಸಂಖ್ಯೆ (ಎಫ್‌ಐಡಿ) ಬೇಕು, ಅದಕ್ಕೆ ಹೊಲ ತಂದೆಯ ಹೆಸರಿಗೆ ಬರಬೇಕು. ಅಜ್ಜನ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಸಿಕ್ಕಿವೆ. ತೀರಿಹೋದವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಯ ಅರ್ಜಿಗೆ ಅಜ್ಜಿ ಹೆಬ್ಬೆಟ್ಟು ಒತ್ತಿದ್ದಾರೆ, ಹಿರಿಯ ಕಾಕಾ ಸಹಿ ಹಾಕಿದ್ದಾರೆ. ಕಿರಿಯ ಕಾಕಾ ಗೋವಾದಲ್ಲಿ ದುಡಿಯುತ್ತಾರೆ, ಯುಗಾದಿಗೆ ಊರಿಗೆ ಬರುವವರಿದ್ದಾರೆ.